ಕಾಯಿಲೆ ಕಾಲಮ್ಮಿನಲ್ಲಿ ‘ಇಲ್ಲ’

ಹುಣಸೆ ಮರದ ಪೊಟರೆಯೊಳಗೆ ನಿಂತಿದ್ದೆ.

ನಿಂತಿದ್ದೆ ಅನ್ನುವುದು ದೊಡ್ಡ ಮಾತು. ತುರುಕಿಕೊಂಡಿದ್ದೆ.

ಅಂಗಿಯೊಳಗೆ ಹೊಟ್ಟೆಗೆ ಒತ್ತಿಕೊಂಡು ಒಂದು ಹಳದಿ ಫೈಲು. ಬೆನ್ನ ಮೇಲೆ ಕಚ್ಚುವ ಇರುವೆಗಳು. ಹೊರಗೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಇಬ್ಬರು ಗಂಡಸರು. ಅವರಿಗೆ ಬೇಕಾಗಿದ್ದು ಆ ಫೈಲು.

ನಲ್ಲೂರಿನ ತೋಪು ನೀವು ನೋಡಿದ್ದೀರೋ ಇಲ್ಲವೋ. ಒಂದೊಂದು ಮರಕ್ಕೂ ಎಷ್ಟು ವಯಸ್ಸು ಅಂತ ಊರಿನವರಿಗೇ ಲೆಕ್ಕವಿಲ್ಲ. ಬೊಡ್ಡೆಗಳು ತಿರುಚಿಕೊಂಡು, ಒಳಗೆಲ್ಲ ಟೊಳ್ಳಾಗಿ, ಹೊರಗೆ ಮಾತ್ರ ಹಸಿರಾಗಿ ನಿಂತಿವೆ. ಅಡಗಿಕೊಳ್ಳಲು ಒಳ್ಳೆಯ ಜಾಗ. ಏರ್‌ಪೋರ್ಟ್ ಹತ್ತಿರ ಇರುವುದರಿಂದ ತಲೆಯ ಮೇಲೆ ಎರಡು ಮೂರು ನಿಮಿಷಕ್ಕೊಂದು ವಿಮಾನ. ವಿಮಾನದ ಸದ್ದು ಬಂದಾಗ ನಾನು ಬೆನ್ನು ಕೆರೆದುಕೊಳ್ಳುತ್ತಿದ್ದೆ. ಸದ್ದು ಹೋದಮೇಲೆ ಕಲ್ಲಾಗುತ್ತಿದ್ದೆ.

ಬೆಳಗ್ಗೆ ಹನ್ನೊಂದೂವರೆ.

“ಸ್ಕೂಟ್ರು ಇಲ್ಲೇ ಐತೆ ಭಾವ. ಎಲ್ಲೂ ಹೋಗಿಲ್ಲ ಅವ್ನು.” ಇದು ಕೆಂಪರಾಜು. ಇನ್ಶೂರೆನ್ಸ್ ಏಜೆಂಟ್.

“ಹುಡುಕು ಕಣ್ಲಾ. ಹನ್ನೆರಡಕ್ಕೆ ಅವಳು ಬಂದ್ಬಿಡ್ತಾಳೆ.” ಇದು ದೊಡ್ಡಮುನಿಯಪ್ಪ. ಇಲ್ಲೇ ಮಧುರೆ ಹೋಬಳಿಯ ಒಂದು ಹಳ್ಳಿಯ ಡೇರಿ ಅಧ್ಯಕ್ಷ. ವಯಸ್ಸು ಐವತ್ತೊಂಬತ್ತು. ಒಂದು ಕಾಲಕ್ಕೆ ತಾಲ್ಲೂಕಿಗೇ ಹೆಸರಾದ ಕಬಡ್ಡಿ ಆಟಗಾರ. ಆತನ ಕೈಗೆ ಸಿಕ್ಕಿದರೆ ನನ್ನ ಗತಿ ಏನೆಂದು ಯೋಚಿಸಿದೆ. ಇರುವೆಯೇ ವಾಸಿ ಅನ್ನಿಸಿತು.

ನನ್ನ ಹೆಸರು ಕಾಂತರಾಜು. ದೇವನಹಳ್ಳಿ ಹಳೇ ಬಸ್ ಸ್ಟ್ಯಾಂಡಿನ ಎದುರು, ಜೆರಾಕ್ಸ್ ಅಂಗಡಿಯ ಮೇಲಿನ ರೂಮು ನನ್ನ ಆಫೀಸು. ಹನ್ನೊಂದು ವರ್ಷ ಇನ್ಶೂರೆನ್ಸ್ ಕಂಪನಿಗಳಿಗೆ ಕ್ಲೇಮು ತನಿಖೆ ಮಾಡಿದವನು ನಾನು. ಯಾರು ಶುಗರ್ ಮುಚ್ಚಿಟ್ಟು ಪಾಲಿಸಿ ಮಾಡಿಸಿದರು, ಯಾರು ಬಿಪಿ ಮುಚ್ಚಿಟ್ಟರು ಅಂತ ಆಸ್ಪತ್ರೆ ಆಸ್ಪತ್ರೆ ಸುತ್ತಿ ಪತ್ತೆ ಮಾಡುತ್ತಿದ್ದೆ. ನಾನು ವರದಿ ಕೊಟ್ಟರೆ ಕ್ಲೇಮು ರದ್ದು. ಎಷ್ಟೋ ಜನ ಐಸಿಯು ಬಾಗಿಲಲ್ಲಿ ನಿಂತು ನನಗೆ ಶಾಪ ಹಾಕಿದ್ದಾರೆ. ಅವರಲ್ಲಿ ಅರ್ಧ ಜನಕ್ಕೆ ತಮ್ಮ ಫಾರಂನಲ್ಲಿ ಏನು ಬರೆದಿದೆ ಅಂತಲೇ ಗೊತ್ತಿರಲಿಲ್ಲ. ಬರೆದವನು ಏಜೆಂಟು. ಸಿಕ್ಕಿಬಿದ್ದವರು ಇವರು.

ಒಂದು ದಿನ ಸಾಕಾಯಿತು. ಮೇಜಿನ ಈ ಕಡೆಗೆ ಬಂದು ಕೂತೆ. ಈಗ, ಮೊದಲೇ ಕಾಯಿಲೆ ಇರುವವರಿಗೆ ಯಾವ ಪಾಲಿಸಿ ಆಗಿಬರುತ್ತದೆ, ಯಾವುದಕ್ಕೆ ಎಷ್ಟು ಬೀಳುತ್ತದೆ ಅಂತ ಹೋಲಿಸಿ ಹೇಳುತ್ತೇನೆ. ಫೀಸು ಐನೂರು. ಸುಳ್ಳು ಬರೆಯುವುದಿಲ್ಲ. ಅದಕ್ಕೇ ಗಿರಾಕಿ ಕಡಿಮೆ.

ಆ ವಾರ ಸೋಮವಾರ ರುಕ್ಮಿಣಮ್ಮ ಮೆಟ್ಟಿಲು ಹತ್ತಿ ಬಂದರು. ದೊಡ್ಡಮುನಿಯಪ್ಪನ ಹೆಂಡತಿ. ಐವತ್ತನಾಲ್ಕು ವರ್ಷ. ಎರಡೆಕರೆ ದ್ರಾಕ್ಷಿ ತೋಟ ನೋಡಿಕೊಳ್ಳುವ ಹೆಂಗಸು, ಮಾತಿನಲ್ಲಿ ಒಂದು ಕಾಳು ಹೆಚ್ಚಿಲ್ಲ, ಕಡಿಮೆಯಿಲ್ಲ. ಒಂಬತ್ತು ವರ್ಷದಿಂದ ಶುಗರ್ ಇದೆ ಅಂದರು. ಚೀಟಿಗಳನ್ನೆಲ್ಲ ಮೇಜಿನ ಮೇಲೆ ವರ್ಷದ ಪ್ರಕಾರ ಜೋಡಿಸಿದರು. ಆಮೇಲೆ ಒಂದು ಫಾರಂ ತೆಗೆದು ಇಟ್ಟರು. ಅವರ ಸ್ವಂತ ತಮ್ಮ ಕೆಂಪರಾಜು ತಂದುಕೊಟ್ಟಿದ್ದು. ಗಂಡ ಹೆಂಡತಿ ಇಬ್ಬರಿಗೂ ಸೇರಿ ವರ್ಷಕ್ಕೆ ಬರೀ ಇಪ್ಪತ್ತನಾಲ್ಕು ಸಾವಿರ. ಚೆಕಪ್ ಬೇಡ. ಎಲ್ಲ ಕಾಯಿಲೆಗೂ ದುಡ್ಡು ಬರುತ್ತದಂತೆ. ಸೈನ್ ಒಂದು ಹಾಕಿದರೆ ಸಾಕಂತೆ.

“ನಮ್ಮ ತಮ್ಮ ಯಾವತ್ತೂ ನಂಗೆ ಇಷ್ಟು ಕಡಿಮೆಗೆ ಏನೂ ಕೊಡ್ಸಿಲ್ಲ. ಅದಕ್ಕೇ ಅನುಮಾನ ಬಂತು. ಒಸಿ ಓದಿ ಹೇಳಪ್ಪ.”

ಓದಿದೆ. ನಾಲ್ಕನೇ ಪುಟ. ಈಗಾಗಲೇ ಇರುವ ಕಾಯಿಲೆಗಳ ಪಟ್ಟಿ. ಶುಗರ್, ಬಿಪಿ, ಹೃದಯ, ಕಿಡ್ನಿ... ಎಲ್ಲದರ ಮುಂದೆಯೂ ‘ಇಲ್ಲ’. ಇಬ್ಬರಿಗೂ.

ಇಪ್ಪತ್ತನಾಲ್ಕು ಸಾವಿರ ಯಾಕೆ ಅಂತ ಅರ್ಥವಾಯಿತು. ಅದು ಯಾವ ಕಾಯಿಲೆಯೂ ಇಲ್ಲದ ಯಾರೋ ಇಬ್ಬರ ರೇಟು. ಆ ಇಬ್ಬರು ಮಧುರೆ ಕಡೆ ವಾಸವಿರಲಿಲ್ಲ.

ಅದನ್ನೇ ರುಕ್ಮಿಣಮ್ಮನಿಗೆ ಹೇಳಿದೆ. ಈ ಫಾರಂಗೆ ಸೈನ್ ಹಾಕಿ ನಾಳೆ ಶುಗರ್‌ನಿಂದ ಕಾಲಿಗೇನಾದರೂ ಆಗಿ ಮಲಗಿದರೆ, ನನ್ನಂಥವನೊಬ್ಬ ಬಂದು ಈ ಒಂಬತ್ತು ವರ್ಷದ ಚೀಟಿ ಹುಡುಕುತ್ತಾನೆ, ಒಂದು ರೂಪಾಯಿ ಬರುವುದಿಲ್ಲ, ಪಾಲಿಸಿಯೂ ಹೋಗುತ್ತದೆ ಅಂದೆ. ಅವರು ಫಾರಂ ಮಡಚಿ ಬ್ಯಾಗಿಗೆ ಹಾಕಿಕೊಂಡರು. ನಿಜ ಬರೆದರೆ ಎಷ್ಟಾಗುತ್ತದೆ ನೋಡಿ ಹೇಳು ಅಂದರು.

ಮೂರು ಕಂಪನಿ ನೋಡಿದೆ. ಹೆಸರು ಬೇಡ, ಅವರು ಕೊಡುವ ಮಾಹಿತಿ ಪುಸ್ತಕದ ಬಣ್ಣದಲ್ಲೇ ಹೇಳುತ್ತೇನೆ. ನೀಲಿ ಕಂಪನಿ ನಲವತ್ತೊಂದು ಸಾವಿರ, ಆದರೆ ಶುಗರ್‌ಗೆ ಸಂಬಂಧಪಟ್ಟಿದ್ದಕ್ಕೆ ಮೂರು ವರ್ಷ ಕಾಯಬೇಕು. ಹಸಿರು ಕಂಪನಿ ಐವತ್ತೆರಡು, ಎರಡು ವರ್ಷ ಕಾದರೆ ಸಾಕು, ಆದರೆ ಪ್ರತಿ ಬಿಲ್ಲಿನಲ್ಲೂ ಐದರಲ್ಲಿ ಒಂದು ಪಾಲು ನಮ್ಮ ಜೇಬಿನಿಂದ. ಕೇಸರಿ ಕಂಪನಿ ಅರವತ್ತೆಂಟು, ಶುಗರ್‌ಗೆ ಮೂವತ್ತೊಂದನೇ ದಿನದಿಂದಲೇ ಕೊಡುತ್ತದೆ, ಆದರೆ ಮೈಯೆಲ್ಲ ಚೆಕಪ್ ಮಾಡಿಸಬೇಕು.

ಇಬ್ಬರಿಗೂ ಚೆಕಪ್. ಅಲ್ಲಿಂದ ಶುರುವಾಯಿತು ರಾಮಾಯಣ.

ಮಂಗಳವಾರ ಬೆಳಗ್ಗೆ ಅವರ ಮನೆಗೆ ಹೋದೆ. ದೊಡ್ಡಮುನಿಯಪ್ಪ ಜಗಲಿಯ ಮೇಲೆ ಕೂತು ಗಡ್ಡ ಹೆರೆದುಕೊಳ್ಳುತ್ತಿದ್ದರು. ತನಗೆ ಮಾತ್ರೆಯ ಬಣ್ಣ ಕೂಡ ಗೊತ್ತಿಲ್ಲ, ಚೆಕಪ್ಪು ಗಿಕಪ್ಪು ಹೆಂಗಸರಿಗೆ ಅಂದರು. ರುಕ್ಮಿಣಮ್ಮ ಕಾಫಿ ತರಲು ಒಳಗೆ ಹೋದರು.

ಹನ್ನೊಂದು ವರ್ಷದ ಚಾಳಿ ಬಿಡುವುದಿಲ್ಲ ನೋಡಿ. ಆತನ ಗಲ್ಲದ ಮೇಲೆ ಒಂದು ಚಿಕ್ಕ ಗಾಯ. ಬ್ಲೇಡು ತಾಗಿದ್ದು. ರಕ್ತ ನಿಲ್ಲುತ್ತಲೇ ಇಲ್ಲ. ನಾನು ಒಂದು ಲೋಟ ಕಾಫಿ ಮುಗಿಸಿದೆ... ಆಗಲೂ ನಿಂತಿಲ್ಲ. ಮೊಳಕೈ ಕೆಳಗೆ ನೇರಳೆ ಹಣ್ಣಿನ ಬಣ್ಣದ ಎರಡು ಮಚ್ಚೆ. ಬಲಗೈ ಮಣಿಕಟ್ಟಿನ ಒಳಗಡೆ, ನಾಡಿ ಹಿಡಿಯುವ ಜಾಗದಲ್ಲಿ ಒಂದು ಸಣ್ಣ ಕಲೆ.

ರಕ್ತ ತೆಳು ಮಾಡುವ ಮಾತ್ರೆ. ಕೈಯಿಂದ ತಂತಿ ಬಿಟ್ಟು ಹೃದಯ ನೋಡಿದ ಗುರುತು.

ಈಚೆಗೆ ಊರು ಬಿಟ್ಟು ಎಲ್ಲಿಗಾದರೂ ಹೋಗಿದ್ದಿರಾ ಅಂತ ಸುಮ್ಮನೆ ಕೇಳಿದೆ. ಆತ ಉತ್ತರಿಸುವ ಮೊದಲೇ ರುಕ್ಮಿಣಮ್ಮ ಒಳಗಿನಿಂದ ಹೇಳಿದರು: ಹೌದು, ಮಾರ್ಚಿನಲ್ಲಿ ನಾಲ್ಕು ದಿನ ಶಿರಡಿಗೆ, ಕೆಂಪರಾಜು ಜೊತೆ. ಪ್ರಸಾದದ ಡಬ್ಬಿ ಕೂಡ ತೋರಿಸಿದರು. ಈಗ ಅದರಲ್ಲಿ ಸಾಸಿವೆ ಇಟ್ಟಿದ್ದರು. ಡಬ್ಬಿಯ ತಳದಲ್ಲಿ ಯಲಹಂಕದ ಸ್ವೀಟ್ ಸ್ಟಾಲಿನ ಹೆಸರಿತ್ತು.

ನಾನು ದೊಡ್ಡಮುನಿಯಪ್ಪನನ್ನು ನೋಡಿದೆ. ಆತ ಟವಲಿನಿಂದ ಮುಖ ಮುಚ್ಚಿಕೊಂಡರು.

ಮಧ್ಯಾಹ್ನ ಡೇರಿ ಆಫೀಸಿನಲ್ಲಿ ಆತನೊಬ್ಬನೇ ಇದ್ದಾಗ ಹೋಗಿ ಕೂತೆ. ಬೆದರಿಸುತ್ತಾರೆ ಅಂದುಕೊಂಡಿದ್ದೆ. ಬೆದರಿಸಲಿಲ್ಲ. ಬೀರು ತೆಗೆದು, ಹಾಲಿನ ಫ್ಯಾಟ್ ಟೆಸ್ಟಿನ ರಿಜಿಸ್ಟರುಗಳ ಕೆಳಗಿನಿಂದ ಹಳದಿ ಫೈಲು ಎಳೆದು ನನ್ನ ಮುಂದೆ ಹಾಕಿದರು. ಮಾರ್ಚಿನಲ್ಲಿ ಎದೆನೋವು. ಸ್ಟೆಂಟು ಒಂದು. ಗೊತ್ತಿದ್ದವನು ಕೆಂಪರಾಜು ಒಬ್ಬನೇ.

“ತಗೊಂಡೋಗಿ ರೇಟ್ ಎಷ್ಟಾಯ್ತದೆ ನೋಡು. ಆದ್ರೆ ಅವಳಿಗೆ ಗೊತ್ತಾಗ್ಬಾರ್ದು.”

ನಾನು ನನ್ನ ಕಡೆಯದನ್ನು ಸ್ಪಷ್ಟವಾಗಿ ಹೇಳಿದೆ. ಫೈಲಿನ ವಿಷಯ ನನ್ನ ಬಾಯಿಂದ ಹೊರಗೆ ಹೋಗುವುದಿಲ್ಲ. ಆದರೆ ಫಾರಂನಲ್ಲಿ ಬರೆಯದೆ ಪಾಲಿಸಿ ಮಾಡಿಸುವುದೂ ಇಲ್ಲ. ಗುರುವಾರ ಹನ್ನೆರಡಕ್ಕೆ ರುಕ್ಮಿಣಮ್ಮ ನನ್ನ ಆಫೀಸಿಗೆ ಬರುತ್ತಾರೆ. ಅಷ್ಟರೊಳಗೆ ನೀವೇ ಹೇಳಿಬಿಡಿ ಅಂದೆ. ತಲೆ ಆಡಿಸಿದರು. ಹೌದು ಅಂತಲೋ ಇಲ್ಲ ಅಂತಲೋ ತಿಳಿಯದ ಹಾಗೆ.

ಬುಧವಾರ ಮತ್ತೆ ಮೂರು ಕಂಪನಿಗೂ ಫೋನು. ಹೆಸರು ಹೇಳದೆ ರೇಟು ಕೇಳಿದೆ. ಸ್ಟೆಂಟ್ ಅಂದ ತಕ್ಷಣ ನೀಲಿ ಕಂಪನಿಯ ಹುಡುಗಿಯ ದನಿಯಲ್ಲಿದ್ದ ಜೇನು ಆರಿಹೋಯಿತು. ಆಗುವುದಿಲ್ಲ ಸಾರ್ ಅಂದಳು. ಹಸಿರು ಕಂಪನಿ ಎಪ್ಪತ್ತೊಂಬತ್ತು ಸಾವಿರ ಅಂತು, ಹೃದಯಕ್ಕೆ ಮೂರು ವರ್ಷ ಕಾಯಬೇಕು. ಕೇಸರಿ ಕಂಪನಿ ತೊಂಬತ್ತಾರು, ಹೃದಯಕ್ಕೆ ಎರಡು ವರ್ಷ. ಎಲ್ಲ ಒಂದು ಹಾಳೆಯಲ್ಲಿ ಬರೆದು ದೊಡ್ಡಮುನಿಯಪ್ಪನ ಮೊಬೈಲಿಗೆ ಕಳಿಸಿದೆ.

ಅದೇ ನಾನು ಮಾಡಿದ ತಪ್ಪು. ಆತ ಹಾಳೆಯನ್ನು ಕೆಂಪರಾಜುವಿಗೆ ತೋರಿಸಿದರು. ಈ ಹಾಳೆ ಅಕ್ಕನ ಕೈಗೆ ಸಿಕ್ಕಿದರೆ ಎಲ್ಲ ಮುಗಿಯಿತು, ಮೊದಲು ಫೈಲು ವಾಪಸ್ ಕಿತ್ತುಕೊಳ್ಳೋಣ ಅಂತ ಕೆಂಪರಾಜು ತಲೆ ಕೆಡಿಸಿದ. ಅವನಿಗೆ ಅವನ ಭಯ. ಹೃದಯದ ಕಾಲಮ್ಮಿಗೂ ‘ಇಲ್ಲ’ ಅಂತ ಬರೆದ ಕೈ ಅವನದೇ.

ಗುರುವಾರ ಹತ್ತೂಮುಕ್ಕಾಲಿಗೆ ನನ್ನ ಆಫೀಸಿನ ಕೆಳಗೆ ಬಿಳಿ ಬೊಲೆರೊ ನಿಂತಿತು. ಕಿಟಕಿಯಿಂದ ನೋಡಿದೆ. ಕೆಂಪರಾಜು ಮೆಟ್ಟಿಲ ಕಡೆ ಬರುತ್ತಿದ್ದ. ಅವನ ಮುಖ ಮಾತಾಡಲು ಬರುವವನ ಮುಖವಲ್ಲ.

ಫೈಲು ಅಂಗಿಯೊಳಗೆ ಹಾಕಿಕೊಂಡೆ. ಹಿಂದಿನ ಮೆಟ್ಟಿಲು. ಸ್ಕೂಟರು. ಸಂದಿಯಿಂದ ಹೊರಗೆ ಬಂದಾಗ ಬೊಲೆರೊ ಕೂಡ ತಿರುಗಿತು. ಹೈವೇ ಕಡೆ ಹೋದರೆ ಎರಡು ನಿಮಿಷದಲ್ಲಿ ಹಿಡಿಯುತ್ತಾರೆ. ನಲ್ಲೂರಿನ ರಸ್ತೆಗೆ ನುಗ್ಗಿದೆ. ಎದುರಿಗೆ ಕುರಿ ಮಂದೆ. ನಾನು ನಡುವೆ ನುಸುಳಿದೆ. ಬೊಲೆರೊ ನುಸುಳಲಿಲ್ಲ. ಹಾರ್ನ್ ಹೊಡೆದರು. ಕುರಿಗಳು ಹಾರ್ನ್‌ಗೆ ಬೆಲೆ ಕೊಡುವುದಿಲ್ಲ. ಹಾಗೆ ಸಿಕ್ಕ ನಾಲ್ಕು ನಿಮಿಷದಲ್ಲಿ ತೋಪು ಸೇರಿ ಪೊಟರೆಯೊಳಗೆ ಹೊಕ್ಕಿದ್ದೆ.

ಫೈಲು ಆತನದೇ ಅಲ್ಲವೇ, ಕೊಟ್ಟುಬಿಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ಕೇಳಿದ್ದರೆ ಕೊಡುತ್ತಿದ್ದೆ. ಕೆಂಪರಾಜುವಿನ ಕೈಯಲ್ಲಿ ಜಾಕ್ ರಾಡು ಇತ್ತು. ರಾಡು ಹಿಡಿದು ಬಂದವನಿಗೆ ಏನನ್ನೂ ಕೊಡುವ ಅಭ್ಯಾಸ ನನಗಿಲ್ಲ.

ಒಂದು ವಿಮಾನ ಹೋಯಿತು. ಸದ್ದು ಆರಿತು. ತೋಪಿನಲ್ಲಿ ಎಲೆ ಕೂಡ ಅಲುಗುತ್ತಿಲ್ಲ.

ಆಗ ನನ್ನ ಫೋನು ರಿಂಗಾಯಿತು.

ಟೊಳ್ಳು ಮರದೊಳಗೆ ರಿಂಗ್‌ಟೋನ್ ಹೇಗೆ ಕೇಳುತ್ತದೆ ಗೊತ್ತೇ? ಮದುವೆ ಮನೆಯ ಸ್ಪೀಕರಿನ ಹಾಗೆ. ರುಕ್ಮಿಣಮ್ಮ. ಅರ್ಧ ಗಂಟೆ ಮೊದಲೇ ಬಂದು ನನ್ನ ಆಫೀಸಿನ ಖಾಲಿ ಕುರ್ಚಿ ನೋಡುತ್ತ ನಿಂತಿದ್ದರಂತೆ.

“ಎಲ್ಲಿದ್ದೀಯಪ್ಪ?”

ಮರದಲ್ಲಿ ಅಂತ ಹೇಳುವುದು ಹೇಗೆ? ಐದು ನಿಮಿಷ ಅಂದೆ. ಓಡಿದೆ.

ಹಿಂದಿನಿಂದ ಎರಡು ಜೋಡಿ ಕಾಲಿನ ಸದ್ದು. ಬೇರು ಎಡವಿದೆ, ಎದ್ದೆ. ಒಂದು ಕೈ ನನ್ನ ಕಾಲರಿಗೆ ತಾಗಿತು. ಕಬಡ್ಡಿ ಕೈ. ಗುಂಡಿ ಕಿತ್ತುಬಂತು, ನಾನು ಬರಲಿಲ್ಲ. ಸ್ಕೂಟರ್ ತಲುಪಿದೆ. ಕೀ ತಿರುಗಿಸಿದೆ. ಸ್ಟಾರ್ಟ್ ಆಯಿತು.

ಹಿಂದೆ ಒಬ್ಬನ ಹೆಜ್ಜೆ ಸದ್ದು ಮಾತ್ರ ಕೇಳಿಸುತ್ತಿತ್ತು.

ತಿರುಗಿ ನೋಡಿದೆ. ದೊಡ್ಡಮುನಿಯಪ್ಪ ಒಂದು ದಪ್ಪ ಬೇರಿನ ಮೇಲೆ ಕೂತಿದ್ದರು. ಮುಖ ಬೂದಿ ಬಣ್ಣ. ಎಡಗೈ ದವಡೆಯ ಮೇಲೆ. ಅಂಗಿ ಯಾರೋ ನೀರು ಸುರಿದ ಹಾಗೆ ಒದ್ದೆ.

ಹೊರಟುಬಿಡಬಹುದಿತ್ತು. ದಾರಿ ತೆರವಾಗಿತ್ತು. ಆದರೆ ಆ ಬೂದಿ ಬಣ್ಣ ನನಗೆ ಗೊತ್ತು. ಅದನ್ನು ಹನ್ನೊಂದು ವರ್ಷ ಐಸಿಯು ಗಾಜಿನಾಚೆಯಿಂದ ನೋಡಿದ್ದೇನೆ. ಸ್ಕೂಟರ್ ಆಫ್ ಮಾಡಿದೆ.

ಕೆಂಪರಾಜು ರಾಡು ಎತ್ತಿಕೊಂಡು ನನ್ನ ಮುಂದೆ ಬಂದು ನಿಂತಿದ್ದ. ಅವನ ಭುಜ ಹಿಡಿದು ಹಿಂದಕ್ಕೆ ತಿರುಗಿಸಿದೆ. ಭಾವನನ್ನು ನೋಡಿದ. ರಾಡು ತಾನಾಗಿಯೇ ಕೆಳಗೆ ಬಿತ್ತು. ಆಮೇಲೆ ಅವನಿಂದ ಏನೂ ಆಗಲಿಲ್ಲ. ಮಗುವಿನ ಹಾಗೆ ನಿಂತುಬಿಟ್ಟ. ಗಾಡಿ ಕೀ ಕೇಳಿದೆ. ಕೊಟ್ಟ. ಇಬ್ಬರೂ ಸೇರಿ ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದೆವು.

ಬೊಲೆರೊ ಓಡಿಸಿ ಆರು ವರ್ಷವಾಗಿತ್ತು. ಕುರಿಗಳು ಅಷ್ಟರಲ್ಲಿ ರಸ್ತೆ ದಾಟಿದ್ದು ಅವುಗಳ ಪುಣ್ಯ. ಒಂದು ಕೈಯಲ್ಲಿ ಸ್ಟೀರಿಂಗು, ಇನ್ನೊಂದರಲ್ಲಿ ಫೋನು. ಯಜಮಾನರಿಗೆ ಹುಷಾರಿಲ್ಲ, ಹೈವೇ ಪಕ್ಕದ ಆಸ್ಪತ್ರೆಗೆ ಬನ್ನಿ ಅಂತ ರುಕ್ಮಿಣಮ್ಮನಿಗೆ ಹೇಳಿದೆ. ಅಷ್ಟೇ ಹೇಳಿದೆ.

ನಾವು ಎಮರ್ಜೆನ್ಸಿ ಬಾಗಿಲು ತಲುಪಿದಾಗ ಅವರು ಆಟೋದಿಂದ ಇಳಿಯುತ್ತಿದ್ದರು.

ಡಾಕ್ಟರ್ ಅಕ್ಷತ ಅಂತ ಒಬ್ಬರಿದ್ದರು. ಮೂವತ್ತು ದಾಟಿರಲಿಕ್ಕಿಲ್ಲ. ಎದೆಗೆ ವೈರು ಅಂಟಿಸುತ್ತಲೇ ಪ್ರಶ್ನೆ ಕೇಳಿದರು.

“ಮೊದ್ಲು ಹಾರ್ಟ್ ಪ್ರಾಬ್ಲಮ್ ಏನಾದ್ರೂ ಇತ್ತಾ? ಯಾವ್ದಾದ್ರೂ ಮಾತ್ರೆ?”

“ಏನೂ ಇಲ್ಲ ಮೇಡಂ,” ಅಂದ ಕೆಂಪರಾಜು.

ಫಾರಂ ತುಂಬುವ ಅದೇ ದನಿ. ಅದೇ ‘ಇಲ್ಲ’. ಅಭ್ಯಾಸಬಲ.

ರುಕ್ಮಿಣಮ್ಮನೂ ತಲೆ ಆಡಿಸಿದರು. ನಮ್ಮ ಯಜಮಾನರು ಮಾತ್ರೆ ಮುಟ್ಟಿದವರಲ್ಲ ಅಂದರು. ಪಾಪ, ಅವರು ನಂಬಿದ್ದನ್ನೇ ಹೇಳಿದರು.

ಮಂಚದ ಮೇಲಿಂದ ದೊಡ್ಡಮುನಿಯಪ್ಪ ನನ್ನನ್ನೇ ನೋಡುತ್ತಿದ್ದರು. ತಲೆ ಒಂದು ಚೂರು ಅಲ್ಲಾಡಿತು. ಬೇಡ ಅಂತ.

ಮಾತು ಕೊಟ್ಟಿದ್ದೆ. ಈ ಕಸುಬಿನಲ್ಲಿ ನನ್ನ ಹತ್ತಿರ ಉಳಿದಿರುವ ಬಂಡವಾಳ ಅದೊಂದೇ. ಗೋಡೆಯ ಗಡಿಯಾರದ ಮುಳ್ಳು ಮೂರು ಸಲ ಟಿಕ್ ಅಂತು. ಮೂರೂ ಕೇಳಿಸಿತು.

ಅಂಗಿಯೊಳಗಿನಿಂದ ಫೈಲು ಎಳೆದೆ. ಬೆವರಿಗೆ ಅಂಟಿಕೊಂಡಿತ್ತು. ಡಾಕ್ಟರ್ ಕೈಗೆ ಕೊಟ್ಟೆ.

“ಮಾರ್ಚಲ್ಲಿ ಸ್ಟೆಂಟ್ ಹಾಕಿದಾರೆ, ಡಾಕ್ಟ್ರೇ. ಎರಡು ಥರ ರಕ್ತದ ಮಾತ್ರೆ ಇದೆ. ಮೂರನೇ ಹಾಳೆ.”

ರುಕ್ಮಿಣಮ್ಮ ನನ್ನ ಕಡೆ ತಿರುಗಲಿಲ್ಲ. ಗಂಡನ ಕಡೆಯೂ ತಿರುಗಲಿಲ್ಲ. ಆ ಫೈಲನ್ನು ನೋಡುತ್ತಿದ್ದರು.

ಡಾಕ್ಟರ್ ಮೂರನೇ ಹಾಳೆ ಓದಿದರು. ಮಾತ್ರೆ ದಿನಾ ತಗೋತಿದ್ದೀರಾ ಅಂತ ದೊಡ್ಡಮುನಿಯಪ್ಪನ ಕಿವಿಯ ಹತ್ತಿರ ಬಗ್ಗಿ ಕೇಳಿದರು. ಆತ ಏನೋ ಗೊಣಗಿದರು. ಒಂದು ಮಾತ್ರೆ ಮಂಗಳವಾರದಿಂದ ಬಿಟ್ಟಿದ್ದರಂತೆ. ನಾನು ಮನೆಗೆ ಬಂದು ಹೋದಮೇಲೆ, ಹೆಂಡತಿ ಕೈಗೆ ಸಿಕ್ಕೀತು ಅಂತ ಹೆದರಿ ಇಡೀ ಶೀಟನ್ನು ಡೇರಿಯ ಬಚ್ಚಲಿಗೆ ಹಾಕಿ ನೀರು ಬಿಟ್ಟಿದ್ದರಂತೆ.

ಮುಂದಿನದೆಲ್ಲ ಓಟ. ಹಳೇ ಸ್ಟೆಂಟೊಳಗೇ ರಕ್ತ ಗಟ್ಟಿಯಾಗಿದೆ ಅಂದರು. ಎಲ್ಲಿ ಹಾಕಿದ್ದಾರೆ, ಯಾವ ಅಳತೆಯದು, ಎಲ್ಲ ಆ ಫೈಲಿನಲ್ಲಿತ್ತು. ಮಂಚ ತಳ್ಳಿಕೊಂಡು ಹೋದರು. ಬಾಗಿಲು ಮುಚ್ಚಿತು. ಮೇಲೆ ಕೆಂಪು ಲೈಟು.

ಒಂದು ಗಂಟೆ ಹತ್ತು ನಿಮಿಷ ಕೂತೆವು. ಕೆಂಪರಾಜು ಗೋಡೆ ನೋಡುತ್ತಿದ್ದ. ನಾನು ಕಾಲರಿನ ಕಿತ್ತ ಗುಂಡಿಯ ಜಾಗ ಮುಟ್ಟಿಕೊಳ್ಳುತ್ತಿದ್ದೆ. ಒಂದು ಹಂತದಲ್ಲಿ ರುಕ್ಮಿಣಮ್ಮ ತಮ್ಮನ ಹತ್ತಿರ ಹೋಗಿ ನಿಂತರು.

“ಕೆಂಪಾ. ಅವರೇನಾದ್ರೂ ದಾರೀಲೇ ಹೋಗ್ಬಿಟ್ಟಿದ್ರೆ, ಯಾವ್ದ್ರಿಂದ ಹೋದ್ರು ಅಂತಾನೂ ನಂಗೆ ತಿಳೀತಿರ್ಲಿಲ್ಲ, ಅಲ್ವೇನೋ?”

ಕೆಂಪರಾಜು ಅತ್ತ. ದೊಡ್ಡ ಆಳು, ಕುತ್ತಿಗೆಯಲ್ಲಿ ಚಿನ್ನದ ಸರ, ನರ್ಸುಗಳೆಲ್ಲ ತಿರುಗಿ ನೋಡುವ ಹಾಗೆ ಅತ್ತ. ಅಕ್ಕ ಸಮಾಧಾನ ಮಾಡಲಿಲ್ಲ. ಹೋಗಿ ಬಿಲ್ ಕೌಂಟರಿನಲ್ಲಿ ನಿಂತುಕೋ ಅಂದರು. ಇನ್ಶೂರೆನ್ಸ್ ಇಲ್ಲದ ಬಿಲ್ಲು. ದ್ರಾಕ್ಷಿ ಮಾರಿದ ದುಡ್ಡಿನಲ್ಲಿ ಅವರೇ ಕಟ್ಟಿದರು. ಆದರೆ ಪ್ರತಿ ಸಾಲನ್ನೂ ತಮ್ಮನ ಕೈಯಲ್ಲೇ ಗಟ್ಟಿಯಾಗಿ ಓದಿಸಿದರು.

ದೊಡ್ಡಮುನಿಯಪ್ಪ ಬದುಕಿದರು. ಮರುದಿನ ವಾರ್ಡಿಗೆ ತಂದರು. ನಾನು ಸೇಬು ಹಿಡಿದುಕೊಂಡು ಹೋದೆ. ಮಾತು ಮುರಿದಿದ್ದಕ್ಕೆ ಬೈಸಿಕೊಳ್ಳಲು ರೆಡಿಯಾಗಿಯೇ ಹೋಗಿದ್ದೆ. ಒಳಗೆ ಗಂಡ ಹೆಂಡತಿ ಮಾತಾಡುತ್ತಿದ್ದರು. ಬಾಗಿಲಲ್ಲೇ ನಿಂತೆ.

ಯಾಕೆ ಮುಚ್ಚಿಟ್ಟಿರಿ ಅಂತ ಕೇಳಿದ್ದರು ಅಂತ ಕಾಣುತ್ತದೆ. ಆತ ಸೀಲಿಂಗ್ ಫ್ಯಾನು ನೋಡುತ್ತ ಹೇಳಿದರು.

“ಒಂಬತ್ತು ವರ್ಷದಿಂದ ನಿನ್ನನ್ನ ಮೆಡಿಕಲ್ ಸ್ಟೋರ್ ಅಂತ ಆಡ್ಕೊಂಡಿದೀನಿ. ಈಗ ನಾನೂ ಅಂಗಡಿ ತೆಗ್ದೆ ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ?”

ರುಕ್ಮಿಣಮ್ಮ ಮಾತ್ರೆಯ ಶೀಟಿನಿಂದ ಒಂದು ಮಾತ್ರೆ ಬಿಡಿಸಿ ಆತನ ಅಂಗೈಯಲ್ಲಿಟ್ಟರು. ನುಂಗುವವರೆಗೂ ನೋಡಿದರು. ಆಮೇಲೆ ತಮ್ಮ ಬ್ಯಾಗಿನಿಂದ ತಮ್ಮ ಮಾತ್ರೆ ತೆಗೆದು ಅದೇ ಲೋಟದ ನೀರಿನಲ್ಲಿ ನುಂಗಿದರು.

ನಾನು ಸೇಬುಗಳನ್ನು ನರ್ಸಿನ ಕೈಗೆ ಕೊಟ್ಟು ಬಂದೆ.

ಆರು ತಿಂಗಳಾಯಿತು. ಕೆಂಪರಾಜು ಏಜೆನ್ಸಿ ಬಿಟ್ಟು ಸೋಲಾರ್ ಪಂಪು ಮಾರುತ್ತಿದ್ದಾನೆ. ಬಿಡುವ ಮೊದಲು, ತಾನು ‘ಇಲ್ಲ’ ಬರೆದ ಮನೆಮನೆಗೂ ಹೋಗಿ, ಇದ್ದದ್ದನ್ನು ಕಂಪನಿಗೆ ತಿಳಿಸುವ ಪತ್ರ ಬರೆಸಿದ. ಅಕ್ಕನ ಆರ್ಡರು. ಹದಿನೇಳು ಮನೆ. ಮೂರು ಮನೆಯಲ್ಲಿ ನಾಯಿ ಬಿಟ್ಟರಂತೆ.

ರುಕ್ಮಿಣಮ್ಮ ತಮಗೊಬ್ಬರಿಗೇ ಕೇಸರಿ ಕಂಪನಿಯ ಪಾಲಿಸಿ ಮಾಡಿಸಿದರು. ಮೂವತ್ತೆಂಟು ಸಾವಿರ. ಶುಗರ್ ಇದೆ ಅಂತ ದಪ್ಪಕ್ಷರದಲ್ಲಿ ಬರೆದ ಫಾರಂ. ದೊಡ್ಡಮುನಿಯಪ್ಪನನ್ನು ಸೇರಿಸಿಕೊಳ್ಳಲು ಆಗ ಯಾರೂ ಒಪ್ಪಲಿಲ್ಲ, ಆರು ತಿಂಗಳು ಬಿಟ್ಟು ಬನ್ನಿ ಅಂದರು. ಹೃದಯದ ಕಾಯಿಲೆ ಆದವರಿಗೇ ಅಂತ ಹಸಿರು ಕಂಪನಿಯಲ್ಲಿ ಒಂದು ಪಾಲಿಸಿ ಹುಡುಕಿಟ್ಟೆ. ಐವತ್ತೇಳು ಸಾವಿರ, ಎರಡು ವರ್ಷ ಕಾಯಬೇಕು. ದುಬಾರಿ. ಆದರೆ ನಿಜದ ರೇಟು.

ಮೊನ್ನೆ ಇಬ್ಬರೂ ಆಫೀಸಿಗೆ ಬಂದರು. ಆತ ಹತ್ತು ಕೆಜಿ ಇಳಿದಿದ್ದರು. ನನ್ನನ್ನು ನೋಡಿ, ಗುಂಡಿ ಹೊಲಿಸಿದೆಯೇನೋ ಅಂದರು. ಅದು ಆತನ ಕ್ಷಮಾಪಣೆ. ನಾನು ಫಾರಂ ತೆಗೆದು ಒಂದೊಂದೇ ಪ್ರಶ್ನೆ ಓದಿದೆ. ಹೃದಯ? ಇದೆ. ಸ್ಟೆಂಟು? ಎರಡು. ಮಾತ್ರೆ? ಹೆಸರು ಸಮೇತ ಒಪ್ಪಿಸಿದರು, ಎಸ್‌ಎಸ್‌ಎಲ್‌ಸಿ ಹುಡುಗನ ಹಾಗೆ. ಹೆಂಡತಿಯ ಮುಖದಲ್ಲಿ ಸಣ್ಣ ಹೆಮ್ಮೆ.

ಕಳೆದ ಐದು ವರ್ಷದಲ್ಲಿ ಬೀಡಿ ಸಿಗರೇಟು ಸೇದಿದ್ದುಂಟೇ?

ಆತ ಕಿಟಕಿಯಾಚೆ ಬಸ್ಸುಗಳನ್ನು ನೋಡಿದರು. ವಾರಕ್ಕೆ ಒಂದೆರಡು ಇದ್ದಿರಬಹುದು ಅಂದರು.

ರುಕ್ಮಿಣಮ್ಮ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ‘ದಿನಕ್ಕೆ ಎಂಟು’ ಅಂತ ತಾವೇ ಬರೆದರು.

ಪ್ರೀಮಿಯಂ ಏರಿತು. ಆತನ ಬಿಪಿಯೂ ಏರಿತು... ಎರಡನ್ನೂ ಫಾರಂನಲ್ಲಿ ಬರೆದುಕೊಂಡೆ.